ಪ್ರತಿಕ್ರಿಯೆ: ಸಿಸಿಸಿ ಹುಡುಗರ ಸಂಬಳ, ಸೈನ್ಯದ ನಂಟು

ಕೆಲಸವಿಲ್ಲದ ಹುಡುಗರಿಗೆ ಕಾಡು, ಮಣ್ಣು ಕಾಯುವ ಕೆಲಸ ಕೊಡುತ್ತಿದ್ದ ಅಮೆರಿಕದ ಸರ್ಕಾರಿ ಯೋಜನೆ ಸಿಸಿಸಿ, ಅಂದರೆ ಸಿವಿಲಿಯನ್ ಕನ್ಸರ್ವೇಶನ್ ಕೋರ್‌ನಲ್ಲಿ ಹುಡುಗರಿಗೆ ಸಂಬಳ ಇತ್ತಾ, ಅದು ಸೈನ್ಯದ ಭಾಗವಾಗಿತ್ತಾ ಅಂತ ಕೇಳಿದ್ದೀರಿ.

ಸಂಬಳ ಇತ್ತು, ತಿಂಗಳಿಗೆ 30 ಡಾಲರ್. ಆದರೆ ಅದರಲ್ಲಿ ಸುಮಾರು 25 ಡಾಲರ್ ನೇರ ಮನೆಗೇ ಹೋಗುತ್ತಿತ್ತು. ಹುಡುಗನ ಕೈಗೆ ಉಳಿಯುತ್ತಿದ್ದದ್ದು 5 ಡಾಲರ್. ಊಟ, ಬಟ್ಟೆ, ಮಲಗೋ ಜಾಗ, ಔಷಧಿ ಎಲ್ಲ ಸರ್ಕಾರದ್ದೇ ಆದ್ದರಿಂದ ಆ ಐದು ಡಾಲರ್ ಸಿಗರೇಟು, ಸಿನಿಮಾ ಖರ್ಚಿಗೆ ಆಯಿತು. ಇಡೀ ಯೋಜನೆಯ ಜಾಣತನ ಇಲ್ಲೇ ಇದೆ ಅನ್ನಿಸುತ್ತದೆ ನನಗೆ. 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಇದನ್ನು ಶುರು ಮಾಡಿದಾಗ ಆರ್ಥಿಕ ಮಹಾಕುಸಿತದಿಂದ ಎಷ್ಟೋ ಮನೆಗಳಲ್ಲಿ ಅಪ್ಪನಿಗೇ ಕೆಲಸ ಇರಲಿಲ್ಲ, ಅಲ್ವಾ?

ಸೈನ್ಯದ ವಿಷಯ ಅರ್ಧ ನಿಜ. ಕ್ಯಾಂಪ್ ನಡೆಸುತ್ತಿದ್ದವರು ಸೈನ್ಯದ ಅಧಿಕಾರಿಗಳು. ಹಗಲಿನ ಕೆಲಸ ಮಾತ್ರ ಅರಣ್ಯ, ಪಾರ್ಕ್ ಇಲಾಖೆಗಳ ಕೈಯಲ್ಲಿತ್ತು: ಗಿಡ ನೆಡುವುದು, ಕಾಳ್ಗಿಚ್ಚು ಆರಿಸುವುದು, ಮಣ್ಣು ಕೊಚ್ಚಿಹೋಗದಂತೆ ತಡೆ ಕಟ್ಟುವುದು. ಬಂದೂಕಿನ ತರಬೇತಿ ಇರಲಿಲ್ಲ. ನೆಟ್ಟ ಗಿಡಗಳ ಲೆಕ್ಕ ಸುಮಾರು 300 ಕೋಟಿ.

ಇನ್ನೊಂದು ಮಾತು. ಹುಡುಗಿಯರಿಗೆ ಇದರಲ್ಲಿ ಜಾಗ ಇರಲಿಲ್ಲ, ಕಪ್ಪು ಹುಡುಗರಿಗೆ ಹೆಚ್ಚಾಗಿ ಬೇರೆಯೇ ಕ್ಯಾಂಪು. ಹೊಗಳುವವರು ಇದನ್ನು ಸುಮ್ನೆ ದಾಟಿಬಿಡುತ್ತಾರೆ. 1942ರಲ್ಲಿ ಅಲ್ಲಿನ ಸಂಸತ್ತು ಹಣ ನಿಲ್ಲಿಸಿತು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂದು, ಹುಡುಗರಲ್ಲಿ ಬಹಳ ಜನ ನಿಜವಾದ ಸೈನ್ಯಕ್ಕೇ ಸೇರಿದ್ದರು.