ಅಟ್ಟದ ಚಂದಮಾಮಗಳಿಗೆ ಬೂಷ್ಟು

ಪ್ರಶ್ನೆ: ಅಟ್ಟದಲ್ಲಿ ಐವತ್ತು–ಅರವತ್ತರ ದಶಕದ ಸುಮಾರು 80 ‘ಚಂದಮಾಮ’ಗಳು ಸಿಕ್ಕಿವೆ. ಮುಖಪುಟಕ್ಕೆ ಬೂಷ್ಟು, ಪಿನ್ನುಗಳಿಗೆ ತುಕ್ಕು. ಲ್ಯಾಮಿನೇಷನ್ ಮಾಡಿಸಲೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಬೇಡವೇ ಬೇಡ. ಆ ಬಿಸಿ ಅಂಟನ್ನು ಮತ್ತೆ ಬಿಡಿಸಲಾಗದು. ಎಂ.ಟಿ.ವಿ. ಆಚಾರ್ಯ, ವಡ್ಡಾದಿ ಪಾಪಯ್ಯ ಅವರ ಚಿತ್ರವಿರುವ ಮುಖಪುಟಕ್ಕಂತೂ ಅದು ದ್ರೋಹ.

ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಷ್ಟು ಕಾಗದದೊಳಕ್ಕೇ ಇಳಿಯುತ್ತದೆ. ಗಾಳಿಯಾಡುವ ನೆರಳಲ್ಲಿ ಎರಡು ಮೂರು ದಿನ ಒಣಗಿಸಿ. ಬಿಸಿಲು ಬೇಡ, ಬಣ್ಣ ಮಾಸುತ್ತದೆ. ಬೂಷ್ಟು ಪುಡಿಪುಡಿಯಾದ ಮೇಲೆ ಮಾಸ್ಕ್ ಹಾಕಿಕೊಂಡು, ಅಂಗಳದಲ್ಲಿ ಮೆತ್ತನೆಯ ಕುಂಚದಿಂದ ಝಾಡಿಸಿ.

ಪಿನ್ನನ್ನು ಹೊರಗಿನಿಂದ ಎಳೆಯಬೇಡಿ, ಮುಖಪುಟ ಹರಿಯುತ್ತದೆ. ನಡುಹಾಳೆ ತೆರೆದು, ಮೊಂಡು ಚಾಕುವಿನಿಂದ ಕಾಲುಗಳನ್ನು ನೆಟ್ಟಗೆ ಮಾಡಿ ಹೊರತೆಗೆಯಿರಿ. ಅದೇ ತೂತುಗಳಲ್ಲಿ ಬಿಳಿ ಹತ್ತಿದಾರ ಪೋಣಿಸಿ ಕಟ್ಟಿ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಿದರೆ ಕೆಲ ವರ್ಷಗಳಲ್ಲಿ ಕಂದು ಕಲೆ ಖಚಿತ.

ಬೆಳ್ಳಿಹುಳು ಕಂಡರೆ ಒಣಗಿದ ಪ್ರತಿಗಳನ್ನು ಜಿಪ್ ಚೀಲದಲ್ಲಿ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದೆರಡು ವಾರ ಇಡಿ. ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲವಾದರೆ ಕಾಗದದ ಮೇಲೆ ನೀರು ಕೂರುತ್ತದೆ.

ಪ್ರತಿಗಳನ್ನು ಹಾಕಿಡಲು ಪಿವಿಸಿ ಪ್ಲಾಸ್ಟಿಕ್ಕಿನ ಕವರು ಬೇಡ, ಪಾಲಿಪ್ರೊಪಿಲಿನ್ ಪ್ಲಾಸ್ಟಿಕ್ಕಿನದು ಸಾಕು. ಮತ್ತೆ ಅಟ್ಟಕ್ಕಂತೂ ಏರಿಸಬೇಡಿ. ಹೊರಗೋಡೆಗೆ ತಾಗದ ಕಪಾಟಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆಗಿಟ್ಟು, ಮಳೆಗಾಲದಲ್ಲಿ ಜೆಲ್ಲನ್ನು ಆಗಾಗ ಬದಲಿಸಿ.