ಲ್ಯಾಂಥನಮ್ ಇಲ್ಲದೆಯೂ ಬೆಳೆಯಿತು ಅಂದರೆ?

ಪುಣೆಯ ನಿಮ್ಮ ಲ್ಯಾಬಿನಲ್ಲಿ ಎಲೆಯಿಂದ ತೆಗೆದ ಗುಲಾಬಿ ಬ್ಯಾಕ್ಟೀರಿಯಾ ಲ್ಯಾಂಥನಮ್ ಅನ್ನೋ ಲೋಹ ಹಾಕದೆಯೂ ಮೆಥನಾಲ್ ತಿಂದು ಬೆಳೆಯಿತು, ಹಾಗಾದರೆ ಲ್ಯಾಂಥನಮ್‌ಗೆ ಕೆಲಸವೇನು ಅಂತ ಕೇಳಿದ್ದೀರಿ. ಅದು ಎಲೆಗಳ ಮೇಲೆ ಬದುಕುವ ಮೆಥೈಲೋಬ್ಯಾಕ್ಟೀರಿಯಮ್ ಕುಲದ್ದಾಗಿದ್ದರೆ ಆಶ್ಚರ್ಯವಿಲ್ಲ. ಅದರಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಕಿಣ್ವ ಇರುತ್ತವೆ: ಒಂದು ಕ್ಯಾಲ್ಸಿಯಂ ಹಿಡಿದು ಮೆಥನಾಲನ್ನು ಒಡೆಯುತ್ತೆ, ಇನ್ನೊಂದಕ್ಕೆ (ಕ್ಸಾಕ್ಸ್‌ಎಫ್) ಲ್ಯಾಂಥನಮ್, ಸೀರಿಯಮ್‌ನಂಥ ಹಗುರ ಲ್ಯಾಂಥನೈಡೇ (ಲ್ಯಾಂಥನಮ್ ಗುಂಪಿನ ಲೋಹ) ಬೇಕು. ಲ್ಯಾಂಥನೈಡ್ ಸಿಕ್ಕಿತೋ, ಕೋಶ ಕ್ಯಾಲ್ಸಿಯಂ ಕಿಣ್ವದ ಜೀನನ್ನು ತಗ್ಗಿಸಿ ಎರಡನೆಯದಕ್ಕೆ ಹೊರಳುತ್ತೆ.

ಇಟಲಿಯ ನೇಪಲ್ಸ್ ಹತ್ತಿರದ ಸೊಲ್ಫತಾರಾ ಜ್ವಾಲಾಮುಖಿ ಕುಳಿಯ ಕುದಿಗೆಸರಿನ ಒಂದು ಬ್ಯಾಕ್ಟೀರಿಯಾಕ್ಕೆ ಈ ಆಯ್ಕೆಯೇ ಇಲ್ಲ. ಲ್ಯಾಬಿನಲ್ಲಿ ಆ ಕೆಸರಿನ ನೀರು ಸೇರಿಸಿದರೆ ಮಾತ್ರ ಚೆನ್ನಾಗಿ ಬೆಳೆಯುತ್ತಿತ್ತು. ನೀರಲ್ಲಿದ್ದ ಲ್ಯಾಂಥನೈಡೇ ಕಾರಣ ಅಂತ 2014ರಲ್ಲಿ ಪ್ರಕಟವಾಯಿತು.

ನನಗೆ ನಿಮ್ಮ ಗಾಜಿನ ಫ್ಲಾಸ್ಕ್ ಮೇಲೂ ಅನುಮಾನ. ಗಾಜಿನಿಂದ, ಕೆಮಿಕಲ್‌ನಿಂದ ಒಂದಿಷ್ಟು ಲ್ಯಾಂಥನೈಡ್ ಜಿನುಗುತ್ತೆ, ಈ ಜೀವಿಗಳಿಗೆ ನ್ಯಾನೋಮೋಲಾರ್ ಮಟ್ಟವೂ, ಅಂದರೆ ತೀರಾ ಅತ್ಯಲ್ಪ ಪ್ರಮಾಣವೂ, ಸಾಕು. ಮುಂಬೈಯಲ್ಲಿ ನಾವೂ ಹೀಗೇ ಮೂರು ವಾರ ಮೋಸ ಹೋದೆವು, ಬೈಸಿಕೊಂಡದ್ದು ಬೇರೆ! ಪ್ಲಾಸ್ಟಿಕ್ ಟ್ಯೂಬಿನಲ್ಲಿ ಮಾಡಿ. ಕ್ಯಾಲ್ಸಿಯಂ ಕಿಣ್ವದ ಜೀನ್ ತೆಗೆದ ತಳಿ ಸಿಕ್ಕರೆ ಇನ್ನೂ ಒಳ್ಳೆಯದು, ಅದರಲ್ಲಿ ಲ್ಯಾಂಥನಮ್ ಹಾಕಿದ್ದಕ್ಕೂ ಬಿಟ್ಟಿದ್ದಕ್ಕೂ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ.