ಮೊದಲ ಎರಡು ನಿಮಿಷ ಯಾರೂ ತಲೆಯೆತ್ತುವುದಿಲ್ಲ

ಪ್ರಶ್ನೆ: ನಾನು ಕುಮಟಾ ತಾಲ್ಲೂಕಿನವಳು. ಅಘನಾಶಿನಿ ಅಳಿವೆಯ ಗಜನಿ ಗದ್ದೆ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಮತ್ತು ಅಲ್ಲಿ ಬೆಳೆಯುವ ಕಗ್ಗ ಭತ್ತದ ಬಗ್ಗೆ ಮುಂದಿನ ತಿಂಗಳು ಕಾರವಾರದಲ್ಲಿ ಅಧಿಕಾರಿಗಳ ಮುಂದೆ ಹತ್ತು ನಿಮಿಷ ಪ್ರೆಸೆಂಟೇಶನ್ ಕೊಡಬೇಕು. ಉಪ್ಪುನೀರು ತಡೆಯುವ ನಮ್ಮೂರ ಗಜನಿಯ ಒಡ್ಡು ಒಡೆದಿದೆ, ಅದರ ದುರಸ್ತಿಗೆ ನೆರವು ಕೇಳುವುದು ಉದ್ದೇಶ. ಹೆಸರು, ಊರು, ವಿಷಯ ಹೇಳಿ ಶುರುಮಾಡುವಷ್ಟರಲ್ಲೇ ಎಲ್ಲರೂ ಮೊಬೈಲ್ ನೋಡತೊಡಗುತ್ತಾರೆ. ಗಾದೆಯಿಂದಲೋ ನಗೆಹನಿಯಿಂದಲೋ ಶುರುಮಾಡಿ ಎಂದು ಸ್ನೇಹಿತರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಗಾದೆಯೂ ಬೇಡ, ನಗೆಹನಿಯೂ ಬೇಡ. ನೀವು ಯೋಚಿಸಿಟ್ಟಿರುವ ಆರಂಭವನ್ನು ಅಡಿಕೆ ಕೊಳೆರೋಗದ ಬಗ್ಗೆ ಮಾತಾಡುವವರೂ ಹಾಗೇ ಎತ್ತಿಕೊಂಡು ಬಳಸಬಹುದೇ ಎಂದು ಕೇಳಿಕೊಳ್ಳಿ. ಬಳಸಬಹುದಾದರೆ ಅದನ್ನು ಬಿಟ್ಟುಬಿಡಿ. ನಿಮ್ಮ ಆರಂಭ ನಿಮ್ಮ ವಿಷಯದ್ದೇ ಒಂದು ತುಂಡಾಗಿರಬೇಕು.

ನಿಮ್ಮ ಜಿಲ್ಲೆಯಲ್ಲೇ ಇದನ್ನು ಕಲಿಯಲು ಒಳ್ಳೆಯ ಜಾಗವಿದೆ: ತಾಳಮದ್ದಲೆ, ಅಂದರೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಕೈಯಲ್ಲಿರುವುದು ಮಾತು ಮಾತ್ರ. ಪಳಗಿದ ಅರ್ಥಧಾರಿ ಪೀಠಿಕೆ ಹಾಕುವುದನ್ನು ಗಮನಿಸಿ. ಸಂಧಾನಕ್ಕೆ ಕೃಷ್ಣ ಬರುತ್ತಿದ್ದಾನೆಂದು ತಿಳಿದ ಕೌರವ ತನ್ನ ವಂಶಾವಳಿಯನ್ನೆಲ್ಲ ಬಿಚ್ಚುತ್ತ ಕೂರುವುದಿಲ್ಲ. ಈ ಗಳಿಗೆಯಲ್ಲಿ ತನಗಿರುವ ಇಕ್ಕಟ್ಟೇನು, ಯಾವುದನ್ನು ತಾನು ಬಿಟ್ಟುಕೊಡಲಾರೆ ಎಂಬಲ್ಲಿಂದ ಮಾತು ಎತ್ತುತ್ತಾನೆ. ಮುಂದೆ ನಡೆಯುವ ವಾದಕ್ಕೆಲ್ಲ ಬೇಕಾದ ಕಿಚ್ಚು ಆ ಕೆಲವು ಮಾತುಗಳಲ್ಲೇ ಇರುತ್ತದೆ.

ನಿಮ್ಮ ವಿಷಯದಲ್ಲೂ ಅಂಥ ಇಕ್ಕಟ್ಟಿದೆ, ಅದೂ ಬಲವಾದದ್ದು. ಹೀಗೆ ಶುರುಮಾಡಿ ನೋಡಿ: 'ಉಪ್ಪುನೀರು ನುಗ್ಗಿದರೆ ಬೇರೆ ಭತ್ತ ಸಾಯುತ್ತದೆ. ಕಗ್ಗ ತಡೆದುಕೊಳ್ಳುತ್ತದೆ, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಬದುಕುತ್ತದೆ. ಆದರೆ ಒಡ್ಡೇ ಇಲ್ಲದ ಗಜನಿಯಲ್ಲಿ ಕಗ್ಗವೂ ಉಳಿಯುವುದಿಲ್ಲ. ನಮ್ಮೂರ ಒಡ್ಡು ಒಡೆದಿದೆ.' ಇಲ್ಲಿಗೆ ಒಂದು ಕ್ಷಣ ನಿಲ್ಲಿಸಿ. ಹೆಸರು, ಊರು, ವಂದನೆ ಆಮೇಲೆ ಬರಲಿ. ಅಷ್ಟರಲ್ಲಿ ಅವರಿಗೇ ನೀವು ಯಾರೆಂದು ತಿಳಿಯಬೇಕೆನಿಸಿರುತ್ತದೆ. ಜಿಲ್ಲಾಮಟ್ಟದ ಸಭೆಯಲ್ಲಿ ಹಿರಿಯ ಅಧಿಕಾರಿಗೆ ನಮಸ್ಕಾರ ಹೇಳದಿದ್ದರೆ ತಪ್ಪಾಗುತ್ತದೆ ಎನಿಸಿದರೆ ಒಂದೇ ಒಂದು 'ನಮಸ್ಕಾರ' ಹೇಳಿ. ವೇದಿಕೆಯ ಮೇಲಿರುವವರ ಪಟ್ಟಿ ಓದುವುದು ಮಾತ್ರ ಬೇಡ.

ವಸ್ತುವನ್ನು ತೋರಿಸುವುದೂ ಒಳ್ಳೆಯ ದಾರಿ. 2009ರಲ್ಲಿ ಟೆಡ್ ವೇದಿಕೆಯಲ್ಲಿ ಮಲೇರಿಯಾ ಬಗ್ಗೆ ಮಾತಾಡುತ್ತ ಬಿಲ್ ಗೇಟ್ಸ್ ಡಬ್ಬಿ ತೆರೆದು ಸೊಳ್ಳೆಗಳನ್ನು ಸಭೆಯತ್ತ ಹಾರಿಬಿಟ್ಟಿದ್ದರು. ಈ ರೋಗ ಬಡವರಿಗಷ್ಟೇ ಏಕೆ ಬರಬೇಕು ಎಂಬುದು ಅವರ ಮಾತಾಗಿತ್ತು. ಆ ಸೊಳ್ಳೆಗಳಿಗೆ ರೋಗ ಅಂಟಿರಲಿಲ್ಲ. ಇವತ್ತಿಗೂ ಜನ ಅದನ್ನು ನೆನೆಯಲು ಕಾರಣ, ಅಲ್ಲಿ ತೋರಿಸಿದ ವಸ್ತುವೇ ಮಾತಿನ ವಿಷಯವೂ ಆಗಿತ್ತು. ನಿಮ್ಮ ಬಳಿ ಕಗ್ಗದ ತೆನೆ ಇದೆ. ಅದನ್ನು ಸಭೆಯಲ್ಲಿ ಕೈಯಿಂದ ಕೈಗೆ ದಾಟಿಸಬೇಡಿ, ದಾಟುವಷ್ಟು ಹೊತ್ತೂ ಎಲ್ಲರ ಕಣ್ಣು ಅದರ ಹಿಂದೆಯೇ ಓಡುತ್ತದೆ. ಸಭೆ ಸೇರುವ ಮೊದಲೇ ಪ್ರತಿ ಮೇಜಿನ ಮೇಲೂ ಒಂದೊಂದು ತೆನೆ ಇಡಿ.

ಮೊದಲ ಸ್ಲೈಡಿನಲ್ಲಿ ಶೀರ್ಷಿಕೆ, ಲಾಂಛನ, ದಿನಾಂಕ ತುಂಬಬೇಡಿ. ಒಡೆದ ಒಡ್ಡಿನ ಚಿತ್ರ ಸಾಕು. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ (ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ) ಸೇರಿದ್ದು ದೊಡ್ಡ ಸಂಗತಿ, ಹೇಳಲೇಬೇಕು. ಆದರೆ ಅದು ಮೂರನೇ ನಿಮಿಷದ ಮಾತು. ಅಧಿಕಾರಿಗಳು ಅದನ್ನು ಕೇಳಿಯೇ ಇರುತ್ತಾರೆ, ಒಡೆದ ಒಡ್ಡನ್ನು ಅವರು ನೋಡಿರಲಿಕ್ಕಿಲ್ಲ.

'ನನಗೆ ಮಾತಾಡಿ ಅಭ್ಯಾಸವಿಲ್ಲ, ತಪ್ಪಿದ್ದರೆ ಕ್ಷಮಿಸಿ' ಎಂಬ ಮಾತು ನಮ್ಮ ಕಡೆಯ ಹೆಣ್ಣುಮಕ್ಕಳ ಬಾಯಲ್ಲಿ ತಾನಾಗಿ ಬಂದುಬಿಡುತ್ತದೆ. ದಯವಿಟ್ಟು ಅದನ್ನು ಹೇಳಬೇಡಿ. ಗಜನಿಯ ವಿಷಯದಲ್ಲಿ ಆ ಕೋಣೆಯಲ್ಲಿ ನಿಮ್ಮಷ್ಟು ಬಲ್ಲವರು ಯಾರೂ ಇರುವುದಿಲ್ಲ.

ಮೊದಲ ನಾಲ್ಕು ವಾಕ್ಯಗಳನ್ನು ಮಾತ್ರ ಬಾಯಿಪಾಠ ಮಾಡಿ, ಜೋರಾಗಿ, ನಿಂತುಕೊಂಡು. ಉಳಿದದ್ದಕ್ಕೆ ಚೀಟಿ ನೋಡಿದರೂ ನಡೆಯುತ್ತದೆ. ಸಭೆ ತಡವಾಗಿ ಶುರುವಾಗಿ 'ಐದೇ ನಿಮಿಷದಲ್ಲಿ ಮುಗಿಸಿ' ಎಂದರೆ ಗಾಬರಿಯಾಗಬೇಡಿ. ನಡುವಿನ ಸ್ಲೈಡುಗಳನ್ನು ಹಾರಿಸಿ. ಆ ನಾಲ್ಕು ವಾಕ್ಯ ಮತ್ತು ದುರಸ್ತಿಗೆ ಎಷ್ಟು ಹಣ ಬೇಕೆಂಬ ಕೊನೆಯ ಸ್ಲೈಡನ್ನು ಮಾತ್ರ ಬಿಡಬೇಡಿ.